ಡೊಂಕಿರುವುದು ನಾಯಿಯ ಬಾಲದಲ್ಲೋ, ನಮ್ಮ ಯೋಜನೆಯಲ್ಲೋ?

ನಮ್ಮ ವರದಿಗಾರರಿಂದ

ಹಾಸನ: ಬೀದಿನಾಯಿಗಳನ್ನು ಕುರಿತು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಮೂರು ಮಹತ್ವದ ಆದೇಶಗಳನ್ನು ನೀಡಿದ ನಂತರ, ನಾಯಿಯ ಪ್ರಶ್ನೆ ಮಹಾನಗರಗಳ ಗಡಿ ದಾಟಿ ತಾಲ್ಲೂಕು ಪಟ್ಟಣಗಳ ಬಾಗಿಲಿಗೂ ಬಂದು ನಿಂತಿದೆ. ಹಾಸನದ ಬಸ್ ನಿಲ್ದಾಣ, ಹೊಳೆನರಸೀಪುರದ ಆಸ್ಪತ್ರೆ, ಅರಕಲಗೂಡಿನ ಶಾಲಾ ಮೈದಾನ, ಚನ್ನರಾಯಪಟ್ಟಣದ ರೈಲು ನಿಲ್ದಾಣ, ಇವೆಲ್ಲವೂ ಈಗ ಆ ಆದೇಶಗಳ ವ್ಯಾಪ್ತಿಗೆ ಸೇರಿದ ಜಾಗಗಳೇ. ಆದರೆ ಚರ್ಚೆಯೆಲ್ಲ ನಾಯಿಯನ್ನು ಎಲ್ಲಿಗೆ ಸಾಗಿಸಬೇಕು ಎಂಬುದರ ಸುತ್ತಲೇ ಗಿರಕಿ ಹೊಡೆಯುತ್ತಿದೆ. ನಾಯಿ ಕಚ್ಚುವ ಹಂತಕ್ಕೆ ಬಂದದ್ದಾದರೂ ಹೇಗೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಪ್ರಶ್ನೆ ಚಿಕ್ಕದಲ್ಲ. ರಾಜ್ಯದಲ್ಲಿ 2024ರಲ್ಲಿ ಸುಮಾರು 3.6 ಲಕ್ಷ ನಾಯಿ ಕಡಿತದ ಪ್ರಕರಣಗಳು ದಾಖಲಾಗಿದ್ದು, ರೇಬೀಸ್‌ನಿಂದ 42 ಮಂದಿ ಮೃತಪಟ್ಟರು. 2025ರ ಆಗಸ್ಟ್ ಮೊದಲ ವಾರ ಮುಗಿಯುವಷ್ಟರಲ್ಲೇ ಆ ವರ್ಷದ ಪ್ರಕರಣಗಳು 2.8 ಲಕ್ಷ ದಾಟಿದ್ದವು. ರೇಬೀಸ್ ಶಂಕೆ ಇರುವ ಪ್ರಾಣಿಗಳಿಂದ ಕಡಿತಕ್ಕೊಳಗಾಗುವವರಲ್ಲಿ ಶೇ. 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರೋಗಲಕ್ಷಣ ಕಾಣಿಸಿಕೊಂಡ ನಂತರ ಈ ಕಾಯಿಲೆಗೆ ಮದ್ದಿಲ್ಲ. ಹೀಗಾಗಿ ನಾಯಿಯ ನಡತೆ ಎಂಬುದು ಪ್ರಾಣಿಪ್ರಿಯರ ಹವ್ಯಾಸದ ವಿಷಯವಾಗಿ ಉಳಿದಿಲ್ಲ. ಅದು ಸಾರ್ವಜನಿಕ ಆರೋಗ್ಯದ ವಿಷಯ.

ಆದೇಶಗಳು ಹೇಳಿದ್ದೇನು?

ದೆಹಲಿ ಮತ್ತು ಸುತ್ತಲಿನ ಪ್ರದೇಶದ ಬೀದಿನಾಯಿಗಳನ್ನೆಲ್ಲ ಎಂಟು ವಾರಗಳಲ್ಲಿ ಆಶ್ರಯ ಕೇಂದ್ರಗಳಿಗೆ ಸಾಗಿಸಬೇಕೆಂದು ಇಬ್ಬರು ನ್ಯಾಯಮೂರ್ತಿಗಳ ಪೀಠ 2025ರ ಆಗಸ್ಟ್ 11ರಂದು ಹೇಳಿತ್ತು. ಹನ್ನೊಂದೇ ದಿನಗಳಲ್ಲಿ, ಆಗಸ್ಟ್ 22ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿತು. ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ನಾಯಿಯನ್ನು ಬಿಡಬೇಕು. ರೇಬೀಸ್ ತಗುಲಿದ ಅಥವಾ ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಬಿಡಕೂಡದು. ಆಹಾರ ಹಾಕಲು ನಿಗದಿತ ಸ್ಥಳಗಳಿರಬೇಕು ಎಂದು ಹೇಳಿ, ವಿಚಾರಣೆಯ ವ್ಯಾಪ್ತಿಯನ್ನು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ನವೆಂಬರ್ 7ರ ಆದೇಶವಂತೂ ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ಮತ್ತು ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆರವುಗೊಳಿಸಬೇಕು, ಅವುಗಳನ್ನು ಮತ್ತೆ ಅಲ್ಲಿಗೇ ತಂದು ಬಿಡಬಾರದು, ಆವರಣಗಳಿಗೆ ಬೇಲಿ ಅಥವಾ ಕಾಂಪೌಂಡ್ ಇರಬೇಕು ಎಂದು ಸೂಚಿಸಿತು. ಅದೇ ತಿಂಗಳು ರಾಜ್ಯ ಸರ್ಕಾರ ಬೀದಿನಾಯಿ ದಾಳಿಯಿಂದ ಸಾವು ಸಂಭವಿಸಿದರೆ 5 ಲಕ್ಷ ರೂ. ಪರಿಹಾರ ಪ್ರಕಟಿಸಿತು.

ಈ ಎಲ್ಲ ಕ್ರಮಗಳಿಗೂ ಒಂದು ಸಾಮಾನ್ಯ ಲಕ್ಷಣವಿದೆ. ನಾಯಿ ಬೆಳೆದು, ಬೀದಿಗೆ ಬಿದ್ದು, ಯಾರನ್ನೋ ಬೆದರಿಸಿದ ಅಥವಾ ಕಚ್ಚಿದ ನಂತರದ ಕ್ರಮಗಳಿವು. ಅದಕ್ಕೂ ಮೊದಲಿನ ಅಧ್ಯಾಯ ಯಾವ ಆದೇಶದಲ್ಲೂ ಇಲ್ಲ. ಅದನ್ನು ಬರೆಯಬೇಕಾದವರು ನಾಯಿ ಸಾಕುವ ಮನೆಯವರು ಮತ್ತು ಊರಿನ ಆಡಳಿತ.

ಹಗಲು ಸರಪಳಿ, ರಾತ್ರಿ ಸ್ವೇಚ್ಛೆ

ಹಾಸನ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ನಾಯಿ ಸಾಕುವುದು ಬಹುಮಟ್ಟಿಗೆ ಕೆಲಸಕ್ಕಾಗಿ. ಚನ್ನರಾಯಪಟ್ಟಣದ ತೆಂಗಿನ ತೋಟಕ್ಕೆ, ಅರಕಲಗೂಡಿನ ಹೊಗೆಸೊಪ್ಪಿನ ಬ್ಯಾರನ್ನಿಗೆ, ಹೊಳೆನರಸೀಪುರದ ಹೇಮಾವತಿ ಬಯಲಿನ ಕೊಟ್ಟಿಗೆಗೆ, ಹಾಸನದ ಹೊಸ ಬಡಾವಣೆಯ ಒಂಟಿ ಮನೆಗೆ ಕಾವಲುಗಾರನಾಗಿ ನಾಯಿ ಬರುತ್ತದೆ. ಮರಿಯನ್ನು ತಂದ ದಿನವೇ ಕೊರಳಿಗೆ ಸರಪಳಿ ಬೀಳುತ್ತದೆ. ಹಗಲಿಡೀ ಕಟ್ಟಿ, ಕತ್ತಲಾದ ಮೇಲೆ ಬಿಚ್ಚಿಬಿಡುವುದು ರೂಢಿ. ಸರಪಳಿಯಷ್ಟೇ ಉದ್ದದ ಜಗತ್ತನ್ನು ಕಂಡು ಬೆಳೆದ ಪ್ರಾಣಿಗೆ ಹೊಸ ಮನುಷ್ಯ, ಸೈಕಲ್, ಕೊಡೆ, ಓಡುವ ಮಗು ಎಲ್ಲವೂ ಅಪರಿಚಿತ. ಹೆದರಿದಾಗ ತಪ್ಪಿಸಿಕೊಂಡು ಹೋಗುವ ದಾರಿಯನ್ನು ಸರಪಳಿ ಮುಚ್ಚಿರುತ್ತದೆ. ಉಳಿಯುವ ದಾರಿ ಎದುರು ಬೀಳುವುದೊಂದೇ. ಹಗಲು ಕಲಿತ ಈ ಪಾಠವನ್ನು ಅದು ರಾತ್ರಿ ಬೀದಿಯಲ್ಲಿ ಒಪ್ಪಿಸುತ್ತದೆ. ನಸುಕಿನಲ್ಲಿ ಕ್ಯಾನು ಹಿಡಿದು ಹಾಲಿನ ಡೇರಿಗೆ ಹೊರಟವರು, ಮೊದಲ ಬಸ್ಸಿಗೆ ನಡೆದು ಹೋಗುವ ವಿದ್ಯಾರ್ಥಿಗಳು ಅದರ ಮೊದಲ ಗುರಿಯಾಗುತ್ತಾರೆ.

ಇನ್ನೊಂದು ಕಟು ಸತ್ಯವೂ ಇದೆ. ಹೆಣ್ಣು ಮರಿ ಬೇಡ ಎಂಬ ಮನೋಭಾವ ನಾಯಿಯ ವಿಷಯದಲ್ಲೂ ಬಲವಾಗಿದೆ. ಹಾಕಿದ ಮರಿಗಳಲ್ಲಿ ಗಂಡನ್ನು ಉಳಿಸಿಕೊಂಡು, ಹೆಣ್ಣುಗಳನ್ನು ಚೀಲದಲ್ಲಿ ತುಂಬಿ ಸಂತೆಮಾಳದಲ್ಲೋ ಕೆರೆ ಏರಿಯ ಮೇಲೋ ಬಿಟ್ಟು ಬರುವುದು ಗುಟ್ಟಿನ ಸಂಗತಿಯೇನಲ್ಲ. ನಾಯಿಯ ಗರ್ಭಾವಧಿ ಸುಮಾರು 63 ದಿನ. ವರ್ಷಕ್ಕೆ ಎರಡು ಬಾರಿ ಮರಿ ಹಾಕಬಲ್ಲದು. ಬಿಟ್ಟು ಬಂದ ಒಂದು ಹೆಣ್ಣು ಮರಿ ಒಂದೆರಡು ವರ್ಷಗಳಲ್ಲಿ ಒಂದು ಹಿಂಡಾಗುತ್ತದೆ. ಮನೆಯ ನಾಯಿ, ಬೀದಿಯ ನಾಯಿ ಎಂದು ನಾವು ಎಳೆಯುವ ಗೆರೆ ಅಷ್ಟರಮಟ್ಟಿಗೆ ತೆಳುವಾದುದು.

ಮೂರು ವಾರದಿಂದ ಮೂರು ತಿಂಗಳು

ಅಮೆರಿಕದ ವಿಜ್ಞಾನಿಗಳಾದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ದೀರ್ಘಕಾಲ ನಾಯಿಮರಿಗಳ ಬೆಳವಣಿಗೆಯನ್ನು ಅಧ್ಯಯನ ಮಾಡಿ 1965ರಲ್ಲಿ ಪ್ರಕಟಿಸಿದ ಗ್ರಂಥ ಈ ಕ್ಷೇತ್ರದ ಬುನಾದಿ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಮೂರು ತಿಂಗಳವರೆಗಿನ ಅವಧಿಯಲ್ಲಿ ಮರಿ ಯಾವುದನ್ನು ಕಂಡು, ಮುಟ್ಟಿ, ಒಪ್ಪಿಕೊಳ್ಳುತ್ತದೆಯೋ ಅದರ ಬಗ್ಗೆ ಮುಂದೆ ಭಯ ಕಡಿಮೆ. ಆಗ ಕಾಣದೇ ಉಳಿದುದರ ಬಗ್ಗೆ ಶಂಕೆ ಹೆಚ್ಚು ಎಂಬುದು ಅದರ ಸಾರ. ಕಚ್ಚುವ ನಾಯಿಗಳಲ್ಲಿ ಹಲವು ಧೈರ್ಯದಿಂದ ಕಚ್ಚುವುದಿಲ್ಲ, ಹೆದರಿ ಕಚ್ಚುತ್ತವೆ. ಆ ಹೆದರಿಕೆಯ ಬೀಜ ಬೀಳುವುದು ಈ ಹತ್ತು ವಾರಗಳ ನಿರ್ಲಕ್ಷ್ಯದಲ್ಲಿ.

ಹಾಗಾಗಿ ಯೋಜನೆ ಮರಿ ಮನೆಗೆ ಬರುವ ಮೊದಲೇ ಶುರುವಾಗಬೇಕು. ಊಟ ಹಾಕುವವರು ಯಾರು, ದಿನಕ್ಕೆರಡು ಬಾರಿ ತಿರುಗಾಡಿಸುವವರು ಯಾರು, ಮನೆಯವರೆಲ್ಲ ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು, ಲಸಿಕೆಗೂ ಶಸ್ತ್ರಚಿಕಿತ್ಸೆಗೂ ಹಣವೆಲ್ಲಿಂದ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಮರಿ ತರದಿರುವುದೇ ಲೇಸು. ತಾಯಿಯ ಬಳಿ ಎಂಟು ವಾರ ಪೂರೈಸಿದ ಮರಿಯನ್ನೇ ತರಬೇಕು. ಒಡಹುಟ್ಟಿದ ಮರಿಗಳೊಂದಿಗೆ ಆಡುವಾಗಲೇ ಅದು ಹಲ್ಲಿನ ಒತ್ತಡದ ಮಿತಿಯನ್ನು ಕಲಿಯುತ್ತದೆ. ಬೇಗ ಬೇರ್ಪಡಿಸಿದ ಮರಿಗೆ ಈ ಮಿತಿ ತಿಳಿಯುವುದು ಕಷ್ಟ.

ಲಸಿಕೆಯ ಸರಣಿ ಮುಗಿಯುವವರೆಗೆ ಮರಿಯನ್ನು ಹೊರಗೆ ತರಬಾರದೆಂಬ ಎಚ್ಚರಿಕೆ ಸರಿಯೇ. ಪಾರ್ವೊದಂತಹ ಕಾಯಿಲೆ ಮರಿಗಳನ್ನು ಬೇಗ ಬಲಿ ತೆಗೆದುಕೊಳ್ಳುತ್ತದೆ. ಆದರೆ ನೆಲಕ್ಕೆ ಬಿಡದೆ ತೋಳಿನಲ್ಲಿ ಎತ್ತಿಕೊಂಡು ಬೀದಿಯ ಕೊನೆಯವರೆಗೆ ಹೋಗಿ ಬರಲು ಯಾರ ಅಡ್ಡಿಯೂ ಇಲ್ಲ. ಟ್ರ್ಯಾಕ್ಟರಿನ ಸದ್ದು, ಶಾಲೆ ಬಿಟ್ಟ ಮಕ್ಕಳ ಗದ್ದಲ, ಹೆಲ್ಮೆಟ್ ಧರಿಸಿದ ಮುಖ, ಕೋಲು ಊರಿ ನಡೆಯುವ ಹಿರಿಯರು, ದನ, ಕುರಿ, ಕೋಳಿ, ಇವನ್ನೆಲ್ಲ ದೂರದಿಂದ ತೋರಿಸಿ, ಪ್ರತಿ ಬಾರಿಯೂ ಒಂದು ತುಣುಕು ತಿನಿಸು ಕೊಟ್ಟರೆ ಸಾಕು. ಮರಿ ಹೆದರಿ ಹಿಂಜರಿದರೆ ಒತ್ತಾಯಿಸದೆ ದೂರ ಹೆಚ್ಚಿಸಬೇಕು. ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ ಕಡ್ಡಾಯವಾಗಿ ಹಾಕಿಸಬೇಕು.

ಏಟಿನ ಪಾಠ ಏನನ್ನು ಕಲಿಸುತ್ತದೆ?

‘ನಾಯಿ ಬಾಲ ಯಾವಾಗಲೂ ಡೊಂಕೇ’ ಎಂಬ ಗಾದೆ ನಮ್ಮಲ್ಲಿ ತರಬೇತಿಯ ಬಗೆಗಿನ ಉದಾಸೀನಕ್ಕೆ ಸಮರ್ಥನೆಯಾಗಿ ಬಳಕೆಯಾಗುತ್ತದೆ. ತರಬೇತಿ ಎಂದರೆ ಏಟು ಎಂಬ ಭಾವನೆಯೂ ಅಷ್ಟೇ ಆಳವಾಗಿದೆ. ಪೋರ್ಚುಗಲ್‌ನ ಪೋರ್ಟೊ ವಿಶ್ವವಿದ್ಯಾಲಯದ ಸಂಶೋಧಕರು 92 ಸಾಕುನಾಯಿಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಲ್ಲೇಖಾರ್ಹ. ಗದರಿಕೆ, ಜಗ್ಗಾಟಗಳ ಮೂಲಕ ತರಬೇತಿ ಪಡೆದ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚಾಗಿ ಕಂಡುಬಂದವು. ತರಬೇತಿಯ ನಂತರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನೂ ಏರಿತ್ತು. ಬಹುಮಾನದ ಕ್ರಮದಲ್ಲಿ ಕಲಿತ ನಾಯಿಗಳಲ್ಲಿ ಹೀಗಾಗಿರಲಿಲ್ಲ. ಅಮೆರಿಕದ ಪ್ರಾಣಿ ನಡತೆ ಪಶುವೈದ್ಯರ ಸಂಘವೂ 2021ರಲ್ಲಿ ಬಹುಮಾನ ಆಧಾರಿತ ಕ್ರಮವನ್ನೇ ಶಿಫಾರಸು ಮಾಡಿದೆ.

ಏಟಿನಿಂದ ಒಂದು ಅಪಾಯಕಾರಿ ಪರಿಣಾಮವಿದೆ. ಗುರ್ರೆನ್ನುವುದು ನಾಯಿಯ ಮುನ್ಸೂಚನೆ. ಗುರ್ರೆಂದಾಗಲೆಲ್ಲ ಪೆಟ್ಟು ಬಿದ್ದರೆ ಅದು ಗುರ್ರೆನ್ನುವುದನ್ನು ಬಿಡುತ್ತದೆ, ಹೆದರಿಕೆಯನ್ನು ಬಿಡುವುದಿಲ್ಲ. ಮುಂದೊಂದು ದಿನ ಸೂಚನೆಯೇ ಇಲ್ಲದೆ ಕಚ್ಚುತ್ತದೆ. ‘ಇದುವರೆಗೆ ಒಮ್ಮೆಯೂ ಗುರ್ರೆಂದಿರಲಿಲ್ಲ’ ಎಂದು ಮನೆಯವರು ಅಚ್ಚರಿಪಡುವುದು ಇಂತಹ ನಾಯಿಗಳ ಬಗ್ಗೆಯೇ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಮಾತನ್ನು ನಂಬಿ ಕೈಚಾಚುವುದೂ ಅಷ್ಟೇ ಅಪಾಯ. ಬೊಗಳುತ್ತಿರುವ ನಾಯಿ ದೂರ ನಿಲ್ಲು ಎನ್ನುತ್ತಿರುತ್ತದೆ.

ಮೃದು ತರಬೇತಿಯ ಸೂತ್ರ ಸರಳ. ಬೇಡದ ವರ್ತನೆಗೆ ಅವಕಾಶವೇ ಸಿಗದಂತೆ ವ್ಯವಸ್ಥೆ ಮಾಡುವುದು, ಬೇಕಾದ ವರ್ತನೆಗೆ ಒಂದೆರಡು ಸೆಕೆಂಡುಗಳೊಳಗೆ ಬಹುಮಾನ ಕೊಡುವುದು. ಬೇಯಿಸಿದ ಮೊಟ್ಟೆಯ ಚೂರೇ ಬಹುಮಾನವಾಗಬಲ್ಲದು. ನಮ್ಮ ಮನೆಗಳಲ್ಲಿ ಕೇಳಿಬರುವ ದೂರುಗಳಿಗೆ ಇದನ್ನು ಅನ್ವಯಿಸಿ ನೋಡಬಹುದು:

* ಚಪ್ಪಲಿ ಕಚ್ಚುವುದು: ನಾಲ್ಕರಿಂದ ಆರು ತಿಂಗಳ ಮರಿಗೆ ಹಲ್ಲು ಬದಲಾಗುವ ಕಾಲ. ಚಪ್ಪಲಿಯನ್ನು ಎತ್ತಿಟ್ಟು, ಗಂಟು ಹಾಕಿದ ಗಟ್ಟಿ ಬಟ್ಟೆಯನ್ನು ಕಚ್ಚಲು ಕೊಡಬೇಕು. ಕಚ್ಚಿದ ಗಂಟೆಯ ನಂತರ ಹೊಡೆದರೆ ಏಟಿಗೂ ಚಪ್ಪಲಿಗೂ ಇರುವ ಸಂಬಂಧ ಅದಕ್ಕೆ ತಿಳಿಯದು.

* ಮೈಮೇಲೆ ಹಾರುವುದು: ಹಾರಿದಾಗ ನೋಡದೆ, ಮಾತಾಡಿಸದೆ ತಿರುಗಿ ನಿಂತು, ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮುದ್ದಿಸಬೇಕು. ಮನೆಯಲ್ಲಿ ಒಬ್ಬರು ಮುದ್ದಿಸಿ ಇನ್ನೊಬ್ಬರು ಗದರಿದರೆ ಪಾಠ ನಿಲ್ಲುವುದಿಲ್ಲ.

* ಬೈಕ್ ಅಟ್ಟಿಸಿಕೊಂಡು ಹೋಗುವುದು: ವಾಹನ ಮುಂದೆ ಹೋಗಿಬಿಡುವುದೇ ನಾಯಿಗೆ ಗೆಲುವು. ಹೀಗಾಗಿ ಪ್ರತಿ ಓಟವೂ ಚಟವನ್ನು ಬಲಪಡಿಸುತ್ತದೆ. ಗೇಟು ಮುಚ್ಚುವುದು ಮೊದಲ ಹೆಜ್ಜೆ. ನಂತರ ಹಗ್ಗದಲ್ಲಿ ಹಿಡಿದು, ನಿಂತ ಬೈಕನ್ನು, ಆಮೇಲೆ ನಿಧಾನವಾಗಿ ಚಲಿಸುವ ಬೈಕನ್ನು ದೂರದಿಂದ ತೋರಿಸಿ, ಅದು ನಮ್ಮತ್ತ ತಿರುಗಿದಾಗ ತಿನಿಸು ಕೊಡಬೇಕು.

* ತಟ್ಟೆಯ ಬಳಿ ಹೋದರೆ ಗುರ್ರೆನ್ನುವುದು: ತಟ್ಟೆ ಕಸಿದರೆ ಶಂಕೆ ಹೆಚ್ಚುತ್ತದೆ. ತಿನ್ನುವಾಗ ದೂರದಿಂದಲೇ ಇನ್ನೂ ರುಚಿಯಾದ ತುಣುಕನ್ನು ಎಸೆಯುತ್ತಾ ಬಂದರೆ, ಮನುಷ್ಯ ಬರುವುದು ಕೊಡಲಿಕ್ಕೆ ಎಂಬ ನಂಬಿಕೆ ಬೆಳೆಯುತ್ತದೆ. ಮಕ್ಕಳನ್ನು ಮಾತ್ರ ಈ ಕೆಲಸಕ್ಕೆ ಹಚ್ಚಬಾರದು.

* ರಾತ್ರಿಯಿಡೀ ಬೊಗಳುವುದು: ಹಗಲೆಲ್ಲ ಕಟ್ಟಿಹಾಕಿದ ನಾಯಿಯ ಉಳಿದ ಚೈತನ್ಯ ಹೀಗೆ ಹೊರಬೀಳುತ್ತದೆ. ಬೆಳಗು, ಸಂಜೆ ಅರ್ಧ ಗಂಟೆಯ ನಡಿಗೆ ಕೊಟ್ಟು ನೋಡಬೇಕು.

ಬೆಳೆದ ನಾಯಿ ಏಕಾಏಕಿ ಸಿಡುಕಲಾರಂಭಿಸಿದರೆ ತರಬೇತಿಗೆ ಮೊದಲು ಪಶುವೈದ್ಯರಿಗೆ ತೋರಿಸಬೇಕು. ಕಿವಿನೋವು, ಕೀಲುನೋವು ಕಚ್ಚುವಿಕೆಗೆ ಕಾರಣವಾಗುವುದುಂಟು. ವೈದ್ಯರಿಗಾಗಿ ದೂರ ಹೋಗಬೇಕಾಗಿಯೂ ಇಲ್ಲ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ.

ನಾಟಿ ನಾಯಿಗೆ ತರಬೇತಿ ಹತ್ತುವುದಿಲ್ಲ ಎಂಬ ವಾದಕ್ಕೂ ಆಧಾರವಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗಳು 2016ರಲ್ಲಿ ಮೀರತ್‌ನ ಸೇನಾ ತರಬೇತಿ ಕೇಂದ್ರ ಸೇರಿ ತಮ್ಮ ಸಾಮರ್ಥ್ಯ ತೋರಿದವು. ಅಷ್ಟೇಕೆ, ಹತ್ತನೆಯ ಶತಮಾನದಲ್ಲೇ ಕನ್ನಡಿಗರು ನಾಯಿಗೆ ಕಲ್ಲು ನಿಲ್ಲಿಸಿದ್ದಾರೆ. ನೆರೆಯ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕಾಳಿ ಎಂಬ ನಾಯಿ ಹಂದಿಯೊಡನೆ ಸೆಣಸಿ ಪ್ರಾಣಬಿಟ್ಟುದನ್ನು ದಾಖಲಿಸುತ್ತದೆ. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಬೀದಿಗೂ ಬೇಕು ಯೋಜನೆ

ಮನೆಯೊಳಗಿನ ಸೂತ್ರವೇ ಬೀದಿಗೂ ಅನ್ವಯಿಸುತ್ತದೆ. ಬೇಡದ ವರ್ತನೆಗೆ ಅವಕಾಶ ಕೊಡುವ ವ್ಯವಸ್ಥೆಯನ್ನು ನಾವೇ ಕಟ್ಟಿ, ನಂತರ ನಾಯಿಯನ್ನು ದೂರುತ್ತೇವೆ. ಮಾಂಸದಂಗಡಿಯ ತ್ಯಾಜ್ಯ, ಕಲ್ಯಾಣ ಮಂಟಪದ ಎಲೆಗಳು, ಹೋಟೆಲಿನ ಹಿಂಬದಿಯ ರಾಶಿ ಬಿದ್ದಲ್ಲಿ ಹಿಂಡು ಸೇರುತ್ತದೆ. ಹಿಂಡು ಸೇರಿದಲ್ಲಿ ಆಹಾರಕ್ಕಾಗಿ ಕಾದಾಟ. ಆ ಜಾಗ ಶಾಲೆಯ ದಾರಿಯಲ್ಲಿದ್ದರೆ ಅನಾಹುತಕ್ಕೆ ದಿನ ಗೊತ್ತುಮಾಡಿದಂತೆಯೇ ಸರಿ. ನಾಯಿಗಳ ಹಿಂಡು ಚಿರತೆಯನ್ನೂ ಊರಂಚಿಗೆ ಸೆಳೆಯುತ್ತದೆ ಎಂಬುದನ್ನು ಈ ಭಾಗದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ.

ಕೊಲ್ಲುವುದು ಪರಿಹಾರವಲ್ಲ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. 2007ರ ಆರಂಭದಲ್ಲಿ ಅಲ್ಲಿ ಬೀದಿನಾಯಿಗಳ ದಾಳಿಗೆ ಮಕ್ಕಳು ಬಲಿಯಾದಾಗ ಸಾಮೂಹಿಕವಾಗಿ ನಾಯಿಗಳನ್ನು ಹಿಡಿದು ಕೊಲ್ಲಲಾಯಿತು. 2019ರ ಗಣತಿಯಲ್ಲಿ ಆ ನಗರದಲ್ಲಿದ್ದ ನಾಯಿಗಳು 3.10 ಲಕ್ಷ. ಶಸ್ತ್ರಚಿಕಿತ್ಸೆ ನಿರಂತರವಾಗಿ ನಡೆದ ನಂತರ, 2023ರ ಸಮೀಕ್ಷೆಯಲ್ಲಿ ಸಂಖ್ಯೆ 2.79 ಲಕ್ಷಕ್ಕೆ ಇಳಿದಿತ್ತು. ಇಳಿಕೆ ದೊಡ್ಡದಲ್ಲ, ಆದರೆ ದಿಕ್ಕು ಸರಿಯಾದುದು.

ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, 2023 ಈ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲಿರಿಸಿವೆ. ಇಲ್ಲಿ ಲೆಕ್ಕಾಚಾರವೇ ಮುಖ್ಯ. ವರ್ಷಕ್ಕೊಮ್ಮೆ ಒಂದಷ್ಟು ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಫೋಟೋ ತೆಗೆಸಿಕೊಂಡರೆ, ಉಳಿದ ಹೆಣ್ಣು ನಾಯಿಗಳು ಆರು ತಿಂಗಳಲ್ಲಿ ಆ ಸಂಖ್ಯೆಯನ್ನು ತುಂಬಿಬಿಡುತ್ತವೆ. ರೇಬೀಸ್ ಸರಪಳಿ ತುಂಡಾಗಲು ನಾಯಿಗಳ ಶೇ. 70ರಷ್ಟಕ್ಕೆ ಲಸಿಕೆ ತಲುಪಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಇಡೀ ಪಟ್ಟಣಕ್ಕೆ ಚದುರಿದಂತೆ ಕೈಹಾಕುವ ಬದಲು ಒಂದೊಂದೇ ವಾರ್ಡನ್ನು ಎಣಿಸಿ ಪೂರ್ಣಗೊಳಿಸುವುದು ಮೇಲು. ಮಹಾನಗರಕ್ಕೆ ಬೆಟ್ಟದಂತೆ ಕಾಣುವ ಈ ಕೆಲಸ ಹೊಳೆನರಸೀಪುರ, ಅರಕಲಗೂಡಿನಂತಹ ಪಟ್ಟಣಗಳಿಗೆ ಅಳತೆಗೆ ಸಿಗುವಂಥದ್ದು. ಸಣ್ಣ ಊರಿನ ಅನುಕೂಲವೇ ಇದು.

ಶಸ್ತ್ರಚಿಕಿತ್ಸೆಯಾದ ನಾಯಿಯೂ ಕಚ್ಚುತ್ತದಲ್ಲ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಶಸ್ತ್ರಚಿಕಿತ್ಸೆ ಸಂಖ್ಯೆಯನ್ನು ತಗ್ಗಿಸುತ್ತದೆ, ಮರಿಗಳನ್ನು ಕಾಯುವ ತಾಯಿಯ ಆಕ್ರಮಣವನ್ನೂ ಬೆದೆಯ ಕಾಲದ ಕಾದಾಟವನ್ನೂ ತಪ್ಪಿಸುತ್ತದೆ, ಭಯವನ್ನು ಅಳಿಸುವುದಿಲ್ಲ. ಕಲ್ಲು ತೂರುವ ಬೀದಿಯಲ್ಲಿ ಬೆಳೆದ ನಾಯಿ ಕೈ ಎತ್ತಿದವರನ್ನೆಲ್ಲ ಶತ್ರುವೆಂದೇ ತಿಳಿಯುತ್ತದೆ. ಪದೇ ಪದೇ ದಾಳಿ ಮಾಡುವ ನಾಯಿಯನ್ನು ಪ್ರತ್ಯೇಕಿಸಲೇಬೇಕು. ಮೃದುತ್ವವೆಂದರೆ ಮಕ್ಕಳ ಸುರಕ್ಷತೆಯ ಜೊತೆ ರಾಜಿಯಲ್ಲ.

ಮಾಲೀಕರ ಹೊಣೆ, ಮಕ್ಕಳ ಪಾಠ

ತನ್ನ ವಶದಲ್ಲಿರುವ ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಆರು ತಿಂಗಳವರೆಗೆ ಸೆರೆವಾಸ, 5,000 ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ತಳಿ ನಿಷೇಧದ ಅಡ್ಡದಾರಿ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 23 ತಳಿಗಳನ್ನು ಅಪಾಯಕಾರಿ ಎಂದು ಹೆಸರಿಸಿದ್ದ ಕೇಂದ್ರದ 2024ರ ಮಾರ್ಚ್ ತಿಂಗಳ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರು ತಿಂಗಳೇ ರದ್ದುಪಡಿಸಿತು. ಹೆಸರು ಯಾವುದಾದರೂ ಇರಲಿ, ಸಾಕಿದವರ ಹೊಣೆ ತಪ್ಪದು.

ಶಾಲೆಗಳಲ್ಲಿ ಒಂದು ತರಗತಿ ಸಾಕು. ಮಲಗಿದ, ತಿನ್ನುತ್ತಿರುವ, ಮರಿಯೊಂದಿಗಿರುವ ನಾಯಿಯ ಬಳಿ ಹೋಗಬಾರದು. ಬೆನ್ನಟ್ಟಿದರೆ ಓಡದೆ, ಕಣ್ಣಲ್ಲಿ ಕಣ್ಣಿಡದೆ, ಕೈಗಳನ್ನು ಮೈಗೆ ಸೇರಿಸಿ ಮರದಂತೆ ನಿಲ್ಲಬೇಕು. ಬಿದ್ದರೆ ಮುದುಡಿ ಕಿವಿ, ಕುತ್ತಿಗೆ ಮುಚ್ಚಿಕೊಳ್ಳಬೇಕು. ಪರಚಿದರೂ ಸರಿ, ಬೈಗುಳಕ್ಕೆ ಹೆದರಿ ಮನೆಯಲ್ಲಿ ಮುಚ್ಚಿಡಬಾರದು. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ, ಚುಚ್ಚುಮದ್ದಿನ ಸರಣಿಯನ್ನು ಪೂರ್ತಿ ಮುಗಿಸಬೇಕು. ಅರಿಶಿನ, ಸುಣ್ಣ, ಕಾರದಪುಡಿ ಮೆತ್ತಿ ಕಾಲಹರಣ ಮಾಡುವುದು ಜೀವಕ್ಕೆ ಎರವಾದೀತು.

ನಾಯಿಗಳಿಂದ ಹರಡುವ ರೇಬೀಸ್ ಸಾವುಗಳನ್ನು 2030ರೊಳಗೆ ಕೊನೆಗಾಣಿಸುವ ಗುರಿಯನ್ನು ಭಾರತವೂ ಒಪ್ಪಿಕೊಂಡಿದೆ. ಆ ಗುರಿಯ ಹಾದಿಯಲ್ಲಿ ಈ ನಾಲ್ಕು ಪಟ್ಟಣಗಳು ಮಾಡಬೇಕಾದ ಕೆಲಸ ಸ್ಪಷ್ಟವಿದೆ: ವಾರ್ಡುವಾರು ನಾಯಿ ಗಣತಿ, ಸಾಕುನಾಯಿಗಳ ನೋಂದಣಿ ಮತ್ತು ಲಸಿಕೆ, ಬಡ ಮಾಲೀಕರ ಹೆಣ್ಣು ನಾಯಿಗಳಿಗೆ ಉಚಿತ ಶಸ್ತ್ರಚಿಕಿತ್ಸೆ, ಮಾಂಸತ್ಯಾಜ್ಯಕ್ಕೆ ಪ್ರತ್ಯೇಕ ಸಾಗಾಟ. ಇವು ಯಾವುವೂ ದೊಡ್ಡ ಕಟ್ಟಡವನ್ನಾಗಲೀ ಹೊಸ ಕಾನೂನನ್ನಾಗಲೀ ಬೇಡುವುದಿಲ್ಲ. ಇನ್ನುಳಿದುದು ಮನೆಗಳ ಪಾಲು. ಮರಿಯ ಮೊದಲ ಮೂರು ತಿಂಗಳಲ್ಲಿ ದಿನಕ್ಕೆ ಹತ್ತು ನಿಮಿಷ ಕೊಡಲು ನಾವು ಸಿದ್ಧರಿದ್ದರೆ, ಮುಂದಿನ ಹತ್ತು ವರ್ಷ ನೆರೆಮನೆಯ ಮಗು ಆ ಗೇಟಿನ ಮುಂದೆ ಹೆದರದೆ ನಡೆದು ಹೋದೀತು. ಬಾಲ ಡೊಂಕಾಗಿಯೇ ಇರಲಿ, ಅದರಿಂದ ಯಾರಿಗೂ ನಷ್ಟವಿಲ್ಲ.